ಸವಾಲಿಗೆ ಜವಾಬು ಕೊಟ್ಟವನು

ಅಮೆರಿಕದ ರ‍್ಯಾಪ್ ತಂಡ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ ಫೈಫ್ ಡಾಗ್ ಬಗ್ಗೆ ನಮ್ಮವರ ಹತ್ತಿರ ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ ಒಂದೇ. ‘ಆ ಗ್ರೂಪಿನ ಮೇನ್ ಸಿಂಗರ್ ಇವನೇನಾ?’ ಅಲ್ಲ. ಮೇನ್ ಅನ್ನಿಸಿಕೊಂಡವನು ಕ್ಯೂ-ಟಿಪ್. ‘ಹಾಗಾದ್ರೆ ಕೋರಸ್ಸಾ?’ ಅದೂ ಅಲ್ಲ. ಅಲ್ಲಿಗೆ ಕೇಳುವವರ ಆಸಕ್ತಿ ಮುಗಿಯುತ್ತದೆ. ಒಂದೋ ಹೀರೋ ಆಗಿರಬೇಕು, ಇಲ್ಲವೇ ಹಿಂದೆ ನಿಂತು ದನಿಗೂಡಿಸಬೇಕು. ಇವೆರಡರ ನಡುವೆ ಇನ್ನೊಂದು ಜಾಗ ಇದೆ ಅನ್ನೋದನ್ನ ನಾವು ಮರೆತಿದ್ದೇವೆ. ಮರೆತಿದ್ದೇವೆ ಅಂದೆ, ಗೊತ್ತಿಲ್ಲ ಅನ್ನಲಿಲ್ಲ.

ಇವನ ನಿಜವಾದ ಹೆಸರು ಮಲಿಕ್ ಟೇಲರ್. 1970ರಲ್ಲಿ ಹುಟ್ಟಿ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬೆಳೆದವನು. ಮನೆತನ ಟ್ರಿನಿಡಾಡಿನದು. ಬಾಲ್ಯದ ಗೆಳೆಯ ಕ್ಯೂ-ಟಿಪ್, ಡಿಜೆ ಅಲಿ ಶಹೀದ್ ಮೊಹಮ್ಮದ್, ಜರೋಬಿ ವೈಟ್ ಜೊತೆ ಸೇರಿ ಆದ ತಂಡ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್. 1990ರಲ್ಲಿ ಬಂದ ಮೊದಲ ಆಲ್ಬಮ್ಮಿನಲ್ಲಿ ಫೈಫ್ ದನಿ ಕೇಳುವುದು ನಾಲ್ಕೇ ಹಾಡಿನಲ್ಲಿ. ಸ್ಟುಡಿಯೋ ಕಡೆ ಸರಿಯಾಗಿ ತಲೆ ಹಾಕುತ್ತಿರಲಿಲ್ಲ, ಓಣಿಯ ಹುಡುಗರ ಜೊತೆ ತಿರುಗಾಡಿಕೊಂಡಿದ್ದ. ಜರೋಬಿಯಂತೂ ಅಡುಗೆ ಕಲಿಯಬೇಕು ಅಂತ ಹೊರಟೇಹೋದ. ನಮ್ಮಲ್ಲಾಗಿದ್ದರೆ ಇಬ್ಬರ ಫೋಟೋವೂ ಮುಂದಿನ ಬ್ಯಾನರಿನಲ್ಲಿ ಇರುತ್ತಿರಲಿಲ್ಲ.

1991ರ ‘ದಿ ಲೋ ಎಂಡ್ ಥಿಯರಿ’ಯಲ್ಲಿ ಎಲ್ಲ ಬದಲಾಯಿತು. ಆ ಆಲ್ಬಮ್ಮಿನ ‘ಚೆಕ್ ದ ರೈಮ್’ ಅನ್ನುವ ಹಾಡಿನಲ್ಲಿ ಟಿಪ್ ಇವನನ್ನು ಹೆಸರು ಹಿಡಿದು ಕರೆದು, ತಯಾರಿದ್ದೀಯೇನೋ ಅಂತ ಕೇಳುತ್ತಾನೆ. ಯಾವಾಗಲೂ ತಯಾರು ಅಂತ ಇವನು ಅಲ್ಲೇ ತಿರುಗಿಸಿ ಕೊಡುತ್ತಾನೆ. ಅಲ್ಲಿಂದಾಚೆ ಈ ತಂಡದ ಹಾಡು ಅಂದರೆ ಇಬ್ಬರ ಮಾತುಕತೆ. ಟಿಪ್‌ದು ನಯವಾದ, ಸ್ವಲ್ಪ ಮೂಗಿನಿಂದ ಬರುವ ದನಿ, ವಿಚಾರ ಜಾಸ್ತಿ. ಫೈಫ್‌ದು ಏರುದನಿ. ಚೇಷ್ಟೆ, ಬಾಸ್ಕೆಟ್‌ಬಾಲು, ಬೀದಿಯ ಸುದ್ದಿ, ನಡುನಡುವೆ ಟ್ರಿನಿಡಾಡಿನ ರಾಗ. ಟಿಪ್ ಒಬ್ಬನೇ ಹಾಡಿದ್ದು ಎರಡು ನಿಮಿಷ ಕೇಳಿದರೆ ನನ್ನ ಮನಸ್ಸು ಎಲ್ಲೋ ಹೋಗಿರುತ್ತದೆ, ಫೈಫ್ ಬಾಯಿ ತೆಗೆದ ಕೂಡಲೇ ಎದ್ದು ಕೂರುತ್ತೇನೆ. ಇದು ನನ್ನ ಅಭಿಪ್ರಾಯ, ಒಪ್ಪದವರು ಬಹಳ ಜನ ಇದ್ದಾರೆ.

ಬಾಗಲಕೋಟೆ ಕಡೆಯವನಾದ ನನಗೆ ಇದು ಹೊಸದಲ್ಲ. ಜಾತ್ರೆಯಲ್ಲಿ ಹರದೇಸಿ-ನಾಗೇಶಿ ಕೇಳಿದವರಿಗೆ ಗೊತ್ತು. ಶಿವ ದೊಡ್ಡವನು ಅಂತ ಒಂದು ಮೇಳ, ಶಕ್ತಿ ದೊಡ್ಡವಳು ಅಂತ ಇನ್ನೊಂದು ಮೇಳ. ಡಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಸವಾಲ್-ಜವಾಬ್. ಒಬ್ಬರು ಪದ ಹಾಡಿ ಪ್ರಶ್ನೆ ಇಟ್ಟು ಕೂತರೆ, ಎದುರಿನವರು ಎದ್ದು ಪದದಲ್ಲೇ ಅದನ್ನು ಬಿಡಿಸಬೇಕು. ಅಲ್ಲಿ ಎರಡನೆಯದಾಗಿ ಹಾಡಿದವರು ಕಡಿಮೆ ಅಂತ ಯಾರೂ ಅನ್ನುವುದಿಲ್ಲ. ಎದುರು ಮೇಳ ಬರದಿದ್ದರೆ ಆ ರಾತ್ರಿ ಹಾಡಿಕೆಯೇ ಇಲ್ಲ.

ಇಷ್ಟು ಒಳ್ಳೆಯ ರೂಢಿ ಕೈಯಲ್ಲಿದ್ದೂ ಕನ್ನಡದ ರ‍್ಯಾಪ್ ಬೆಳೆದದ್ದು ಸಿನಿಮಾ ಹಾಡಿನ ದಾರಿಯಲ್ಲಿ, ಒಬ್ಬೊಬ್ಬರ ಹೆಸರಿನಲ್ಲಿ. ಚಂದನ್ ಶೆಟ್ಟಿ ಗೊತ್ತು, ಆಲ್ ಓಕೆ ಗೊತ್ತು. ಅವರ ಬಗ್ಗೆ ನನಗೆ ತಕರಾರಿಲ್ಲ, ಕಾರಿನಲ್ಲಿ ಹೋಗುವಾಗ ನಾನೂ ಕೇಳುತ್ತೇನೆ. ಆದರೆ ಅವರಿಗೆ ಎದುರುತ್ತರ ಕೊಡುವವರು ಯಾರು? ಅಂಥವರು ಇದ್ದರೂ ಅವರ ಹೆಸರು ಕೇಳುವ ಅಭ್ಯಾಸ ನಮಗೆ ಹೋಗಿದೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಫೈಫ್‌ನ ಎತ್ತರ ಐದಡಿ ಮೂರಂಗುಲ. ಅದನ್ನು ಮುಚ್ಚಿಡದೆ, ‘ಐದಡಿಯ ಹಂತಕ’ ಅಂತ ತಾನೇ ಬಿರುದು ಕೊಟ್ಟುಕೊಂಡ. ಮೊದಲ ಆಲ್ಬಮ್ ಬಂದ ವರ್ಷವೇ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಯಿತು. 1993ರಲ್ಲಿ ಅದನ್ನೂ ಹಾಡಿಗೆ ತಂದ, ಗತ್ತಿನಿಂದಲೇ ತಂದ. ಇಪ್ಪತ್ತೆರಡರ ಹುಡುಗ, ಎದೆ ತಟ್ಟಿಕೊಳ್ಳುವುದೇ ಕೆಲಸವಾಗಿದ್ದ ಕಲೆಯಲ್ಲಿ, ನನಗೆ ಶುಗರ್ ಇದೆ ಅಂತ ಮೈಕಿನಲ್ಲಿ ಹೇಳುತ್ತಾನೆ. ನಮ್ಮ ಮನೆಗಳನ್ನು ನೋಡಿ. ಶುಗರ್ ಇಲ್ಲದ ಮನೆ ಕಡಿಮೆ, ಆದರೆ ವರನಿಗೆ ಅಂತ ಗೊತ್ತಾದರೆ ಮದುವೆ ಮುಗಿಯೋವರೆಗೆ ಯಾರೂ ಉಸಿರೆತ್ತುವುದಿಲ್ಲ. ಬೀಗರ ಊಟದಲ್ಲಿ ಹೋಳಿಗೆ ಬೇಡ ಅನ್ನೋಕೂ ಧೈರ್ಯ ಬೇಕು. ಹೇಳಿಕೊಂಡ ಮಾತ್ರಕ್ಕೆ ಫೈಫ್ ಗೆದ್ದ ಅಂತಲ್ಲ. ಸಿಹಿಯ ಚಟ ಬಿಡೋಕಾಗಲಿಲ್ಲ ಅಂತ ತಂಡದ ಬಗ್ಗೆ ಬಂದ 2011ರ ಸಾಕ್ಷ್ಯಚಿತ್ರದಲ್ಲಿ ಅವನೇ ಒಪ್ಪಿಕೊಂಡ. 2008ರಲ್ಲಿ ಹೆಂಡತಿ ತನ್ನ ಕಿಡ್ನಿ ಕೊಟ್ಟಳು.

ನಾನಿರುವ ಈ ಅಮೆರಿಕದ್ದೆಲ್ಲ ಚೆನ್ನ ಅಂತ ಹೊಗಳೋಕೆ ನಾನು ಕೂತಿಲ್ಲ. ದುಡ್ಡಿನ ವಿಷಯದಲ್ಲಿ ಈ ದೇಶ ಅವನಿಗೆ ಕರುಣೆ ತೋರಿಸಲಿಲ್ಲ. ತಂಡದ ಮೊದಲ ದೊಡ್ಡ ಹಾಡುಗಳಲ್ಲೊಂದಕ್ಕೆ ಲೂ ರೀಡ್ ಎಂಬ ಗಾಯಕನ ಹಳೆಯ ಹಾಡಿನ ತುಣುಕು ಬಳಸಿದ್ದರು. ಅದರ ಹಣವೆಲ್ಲ ಲೂ ರೀಡ್‌ಗೇ ಹೋಯಿತು. 1998ರಲ್ಲಿ ತಂಡ ಒಡೆಯಿತು. 2000ದಲ್ಲಿ ಫೈಫ್ ಒಬ್ಬನೇ ‘ವೆಂಟಿಲೇಷನ್’ ಅನ್ನುವ ಆಲ್ಬಮ್ ತಂದ, ಹೆಚ್ಚು ಜನ ಕೇಳಲಿಲ್ಲ. 2006ರಲ್ಲಿ ತಂಡ ಮತ್ತೆ ವೇದಿಕೆ ಹತ್ತಿದ್ದಕ್ಕೆ ಇವನ ಆಸ್ಪತ್ರೆ ಖರ್ಚೂ ಒಂದು ಕಾರಣ. ನಮ್ಮ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಸಣ್ಣ ಮೊತ್ತ, ಸರಿ. ಆದರೂ ಹಾಡಿದವನ ಮುಪ್ಪು ಸರ್ಕಾರದ ಜವಾಬ್ದಾರಿ ಅನ್ನುವ ಯೋಚನೆ ನಮ್ಮಲ್ಲಿ ಇದೆಯಲ್ಲ.

ಟಿಪ್ ಮತ್ತು ಫೈಫ್ ಜಗಳವನ್ನು ಆ ಸಾಕ್ಷ್ಯಚಿತ್ರದಲ್ಲಿ ಲೋಕವೇ ನೋಡಿತು. ವೇದಿಕೆಯ ಹಿಂದೆ ಕೂಗಾಟ, ಹಳೇ ಲೆಕ್ಕ, ಬಿಗುಮಾನ. ನಮ್ಮ ಕಲಾವಿದರು ಜಗಳವಾಡಿದರೂ ‘ಎಲ್ಲ ಮೀಡಿಯಾ ಸೃಷ್ಟಿ’ ಅಂತ ನಕ್ಕುಬಿಡುತ್ತಾರೆ, ಆಮೇಲೆ ಹತ್ತು ವರ್ಷ ಮುಖ ನೋಡುವುದಿಲ್ಲ. ಇವರು ಬಾಯಿಬಿಟ್ಟು ಬೈದಾಡಿಕೊಂಡರು, ಸಾಕ್ಷ್ಯಚಿತ್ರ ಬಂದ ನಾಲ್ಕು ವರ್ಷದ ಮೇಲೆ ಕೂತು ಹೊಸ ಆಲ್ಬಮ್ ಶುರುಮಾಡಿದರು. ಅದು ನಡೆದದ್ದು ನಮ್ಮ ನ್ಯೂಜೆರ್ಸಿಯಲ್ಲೇ, ಟಿಪ್ ಮನೆಯ ಸ್ಟುಡಿಯೋದಲ್ಲಿ. ಹಾಡಿದ್ದನ್ನು ಇ-ಮೇಲಿನಲ್ಲಿ ಕಳಿಸುವ ಹಾಗಿಲ್ಲ, ಬಂದು ಎದುರು ನಿಂತೇ ಹಾಡಬೇಕು ಅನ್ನುವುದು ಟಿಪ್ ಹಾಕಿದ ಕಟ್ಟಳೆ. ಕ್ಯಾಲಿಫೋರ್ನಿಯಾದಲ್ಲಿದ್ದ ಫೈಫ್ ಆ ಹದಗೆಟ್ಟ ಮೈಯಲ್ಲಿ ವಿಮಾನ ಹತ್ತಿ ಬರುತ್ತಿದ್ದ. ಜರೋಬಿಯೂ ಬಂದ. 2016ರ ಮಾರ್ಚ್ 22ರಂದು ಫೈಫ್ ತೀರಿಕೊಂಡಾಗ ವಯಸ್ಸು 45. ಆಲ್ಬಮ್ ಇನ್ನೂ ಮುಗಿದಿರಲಿಲ್ಲ. ನವೆಂಬರಿನಲ್ಲಿ ಹೊರಬಂದು ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಬಿಲ್‌ಬೋರ್ಡ್ ಪಟ್ಟಿಯ ಮೇಲ್ತುದಿಗೆ ಹೋಯಿತು.

ಅದೇ ತಿಂಗಳು ಕ್ವೀನ್ಸ್‌ನ ಲಿಂಡನ್ ಬುಲವಾರ್ಡ್ ಮತ್ತು 192ನೇ ಬೀದಿ ಕೂಡುವಲ್ಲಿ ಅವನ ಹೆಸರಿನ ಹಸಿರು ಫಲಕ ಬಂತು. ಬೆಂಗಳೂರಿನಲ್ಲೂ ರಾಜ್‌ಕುಮಾರ್ ರಸ್ತೆ, ವಿಷ್ಣುವರ್ಧನ್ ರಸ್ತೆ, ಈಗ ಪುನೀತ್ ರಸ್ತೆ ಇವೆ. ಎಲ್ಲ ದೊಡ್ಡ ರಸ್ತೆಗಳೇ. ಅವರಿಗೆ ಸಲ್ಲಬೇಕಾದ್ದೇ. ಕ್ವೀನ್ಸ್‌ನವರು ಮಾಡಿದ್ದು ಬೇರೆ. ಹಾಡಿನಲ್ಲಿ ಅವನು ಯಾವ ಬೀದಿಯ ಹೆಸರು ಹೇಳಿದ್ದನೋ ಅದೇ ಬೀದಿಯ ಮೂಲೆಯನ್ನು ಅವನಿಗೆ ಕೊಟ್ಟರು. ಮೇನ್ ಅನ್ನಿಸಿಕೊಂಡವನಿಗಲ್ಲ, ಇವನಿಗೆ. 2024ರಲ್ಲಿ ತಂಡಕ್ಕೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವವೂ ಬಂತು.

ನಮ್ಮ ಕನ್ನಡ ಸಂಘದಲ್ಲಿ ಇಲ್ಲೇ ಹುಟ್ಟಿದ ಇಬ್ಬರು ಹುಡುಗರು ರಾಜ್ಯೋತ್ಸವಕ್ಕೆ ಕನ್ನಡ ರ‍್ಯಾಪ್ ಬರೆದಿದ್ದಾರೆ. ಒಬ್ಬನ ಕನ್ನಡ ನೀಟಾಗಿದೆ. ಇನ್ನೊಬ್ಬನದು ಅಮೆರಿಕದ ರಾಗದಲ್ಲಿ ಬರುತ್ತದೆ, ಳ-ಲ ಎರಡೂ ಒಂದೇ, ಆದರೆ ನಗು ಬರಿಸುವ ಸಾಲುಗಳೆಲ್ಲ ಅವನವೇ. ‘ಮೊದಲನೆಯವನು ಒಬ್ಬನೇ ಹಾಡಲಿ, ಇನ್ನೊಬ್ಬ ಹಿಂದೆ ನಿಂತು ಚಪ್ಪಾಳೆ ಹೊಡೆಯಲಿ’ ಅಂದರು ಕಮಿಟಿಯ ಹಿರಿಯರೊಬ್ಬರು. ‘ಸರ್, ಅದು ಸವಾಲ್-ಜವಾಬ್. ಅರ್ಧ ಕತ್ತರಿಸಿದರೆ ಏನು ಉಳಿಯುತ್ತೆ? ಎರಡು ಮೈಕ್ ಕೊಡಿ’ ಅಂದೆ. ಇರುವ ಎರಡರಲ್ಲಿ ಒಂದು ನಿರೂಪಕರಿಗೆ ಬೇಕಂತೆ. ಜಗಳ ಇನ್ನೂ ನಡೆದಿದೆ.