ಫುಟ್ಬಾಲ್ ತಾರೆಗೆ ಪಟ್ಟಣದ ಆಡಳಿತ ಒಪ್ಪಿಸಬಹುದೆ? ಪರ–ವಿರೋಧ

ಐವರಿ ಕೋಸ್ಟ್‌ನ ಮಧ್ಯ-ಪಶ್ಚಿಮದ ಕೋಕೋ ಸೀಮೆಯಲ್ಲಿ, ದಲೋವಾ ನಗರದಿಂದ ಉತ್ತರಕ್ಕೆ ವವೂವಾ ಎಂಬ ಪಟ್ಟಣವಿದೆ. 2018ರ ಅಕ್ಟೋಬರ್‌ನ ಪುರಸಭಾ ಚುನಾವಣೆಯಲ್ಲಿ ಅಲ್ಲಿನ ಜನ ಬೊನಾವೆಂಚರ್ ಕಲೂ ಅವರನ್ನು ಗೆಲ್ಲಿಸಿ ಮೇಯರ್ ಮಾಡಿದರು. ನೆದರ್‌ಲೆಂಡ್ಸ್‌ನ ಫೆಯೆನೂರ್ಡ್, ಫ್ರಾನ್ಸ್‌ನ ಒಸೇರ್, ಪ್ಯಾರಿಸ್ ಸೇಂಟ್ ಜರ್ಮೇನ್ ಫುಟ್ಬಾಲ್ ತಂಡಗಳಲ್ಲಿ ಆಡಿದ ಕಲೂ ಇವರೇ. ಚೆಲ್ಸಿಯಲ್ಲಿ ಆಡಿದ ಸಲೊಮನ್ ಕಲೂ ಇವರ ತಮ್ಮ. ಮೈದಾನದಲ್ಲಿ ಗಳಿಸಿದ ಹೆಸರಿನ ಬಲದಿಂದ ಊರಿನ ಆಡಳಿತ ಹಿಡಿಯುವುದು ಸರಿಯೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಹೆಸರೂ ಊರಿನ ಆಸ್ತಿಯೇ

ಪಶ್ಚಿಮ ಆಫ್ರಿಕಾದ ಆಟಗಾರ ರಾಜಕೀಯಕ್ಕೆ ಇಳಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಲೈಬೀರಿಯಾದ ಜಾರ್ಜ್ ವೇಯಾ ಹೆಸರು. ವೇಯಾ 2005ರಲ್ಲಿ ನೇರವಾಗಿ ಅಧ್ಯಕ್ಷ ಪದವಿಗೇ ಕೈಹಾಕಿದರು, ಸೋತರು. ಕಲೂ ಅಷ್ಟೆತ್ತರಕ್ಕೆ ಹೋಗದೆ ಒಂದು ಪಟ್ಟಣದ ಜವಾಬ್ದಾರಿಯನ್ನಷ್ಟೇ ಕೇಳಿದರು. ಚರಂಡಿ, ಸಂತೆ, ಕಸ, ಪ್ರಾಥಮಿಕ ಶಾಲೆಯ ಕಟ್ಟಡ ನೋಡಿಕೊಳ್ಳುವ ಹುದ್ದೆ ಅದು. ಸೋತರೂ ಗೆದ್ದರೂ ಹೊರಗಿನವರ ಕಣ್ಣಿಗೆ ಬೀಳುವಂಥದ್ದಲ್ಲ. ಯುರೋಪಿನ ಕ್ರೀಡಾಂಗಣಗಳನ್ನು ಕಂಡವರೊಬ್ಬರು ಈ ಕೆಲಸಕ್ಕೆ ಮುಂದೆ ಬಂದದ್ದನ್ನು ಕೀರ್ತಿಯ ಹಸಿವು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೀರ್ತಿ ಅವರಿಗೆ ಮೊದಲೇ ಸಾಕಷ್ಟಿತ್ತು. 2002ರಲ್ಲಿ ಫೆಯೆನೂರ್ಡ್ ಜೊತೆ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್ಎ ಕಪ್ ಗೆದ್ದಿದ್ದರು. 2005ರ ಫ್ರೆಂಚ್ ಕಪ್ ಫೈನಲ್‌ನಲ್ಲಿ ಒಸೇರ್ ಪರ ಕೊನೇ ಗಳಿಗೆಯಲ್ಲಿ ಗೆಲುವಿನ ಗೋಲು ಹೊಡೆದರು. ಮರುವರ್ಷದ ಫೈನಲ್‌ನಲ್ಲಿ ಪ್ಯಾರಿಸ್ ಜರ್ಸಿ ತೊಟ್ಟು ಮಾರ್ಸೇ ವಿರುದ್ಧ ಮತ್ತೊಂದು ಹೊಡೆದರು.

ಇನ್ನು ಅಲ್ಲಿನ ಮೇಯರ್ ಕೈಯಲ್ಲಿ ಏನಿರುತ್ತದೆ ನೋಡಿ. ಸಂತೆಯ ಸುಂಕ, ಸಣ್ಣ ಅಂಗಡಿಗಳ ತೆರಿಗೆ ಬಿಟ್ಟರೆ ಪುರಸಭೆಗೆ ಸ್ವಂತ ವರಮಾನ ಕಡಿಮೆ. ಉಳಿದದ್ದಕ್ಕೆ ಸರ್ಕಾರದ ಅನುದಾನವನ್ನೇ ಕಾಯಬೇಕು. ಸರ್ಕಾರ ನೇಮಿಸಿದ ಪ್ರಿಫೆಕ್ಟ್ ತಲೆಯ ಮೇಲಿರುತ್ತಾನೆ. ಇಂಥ ವ್ಯವಸ್ಥೆಯಲ್ಲಿ ಮೇಯರ್‌ಗಿರಿಯ ಅರ್ಧ ಭಾಗ ದೇಶದ ದೊಡ್ಡ ನಗರ ಅಬಿಜಾನ್‌ನ ಸರ್ಕಾರಿ ಕಚೇರಿಗಳ ಬಾಗಿಲು ತಟ್ಟುವುದರಲ್ಲೇ ಕಳೆಯುತ್ತದೆ. ಯಾರು ತಟ್ಟಿದರೆ ಬಾಗಿಲು ಬೇಗ ತೆರೆಯುತ್ತದೆ? ಹೆಸರು ಕೇಳದ ನಿವೃತ್ತ ಗುಮಾಸ್ತ ತಟ್ಟಿದರೋ, ಇಡೀ ದೇಶವೇ ಗುರುತಿಸುವ ಮುಖ ತಟ್ಟಿದರೋ? ಬಡ ಪಟ್ಟಣಕ್ಕೆ ಇದು ಸಣ್ಣ ವಿಷಯವಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. 2002ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ದೇಶ ಎರಡು ಹೋಳಾಯಿತು. ವವೂವಾ ಬಂಡುಕೋರರ ಹಿಡಿತದ ಭಾಗಕ್ಕೆ ಸೇರಿತು. ನಿಜವಾದ ಐವರಿಯನ್ ಯಾರು ಎಂಬ ವಿಷ ಊರೂರಿಗೂ ಹಬ್ಬಿತ್ತು. ಉತ್ತರದವರು, ದಕ್ಷಿಣದವರು, ಮುಸ್ಲಿಮರು, ಕ್ರೈಸ್ತರು ಒಂದೇ ಕಿತ್ತಳೆ ಅಂಗಿ ತೊಟ್ಟು ನಿಂತದ್ದು ಆಗ ರಾಷ್ಟ್ರೀಯ ತಂಡದಲ್ಲಿ. 2006ರ ವಿಶ್ವಕಪ್, ಜೂನ್ 21ರಂದು ಮ್ಯೂನಿಕ್‌ನಲ್ಲಿ ಸರ್ಬಿಯಾ-ಮಾಂಟೆನೆಗ್ರೊ ಎದುರಾಳಿ. ಅರ್ಜೆಂಟೀನಾ, ನೆದರ್‌ಲೆಂಡ್ಸ್ ಎರಡಕ್ಕೂ ಸೋತು ಐವರಿ ಕೋಸ್ಟ್ ಆಗಲೇ ಹೊರಬಿದ್ದಿತ್ತು. ಈ ಪಂದ್ಯದಲ್ಲೂ ಮೊದಲಿಗೇ 0–2 ಹಿನ್ನಡೆ. ಸಹ ಆಟಗಾರ ದಿಂದಾನೆ ಎರಡು ಗೋಲು ಹೊಡೆದು ಸಮ ಮಾಡಿದರು. 86ನೇ ನಿಮಿಷದಲ್ಲಿ ಸಿಕ್ಕ ಪೆನಾಲ್ಟಿಗೆ ಚೆಂಡಿಟ್ಟವರು ಕಲೂ. ವಿಶ್ವಕಪ್‌ನಲ್ಲಿ ಆ ದೇಶದ ಮೊಟ್ಟಮೊದಲ ಗೆಲುವು ಬಂದದ್ದು ಆ ಒದೆತದಿಂದ. ಹುಟ್ಟಿದ ಕುಲ, ಆಡುವ ಭಾಷೆ ಕೇಳದೆ ಎಲ್ಲರೂ ನಮ್ಮವನು ಎನ್ನಬಹುದಾದ ಮನುಷ್ಯರು ಯುದ್ಧ ಕಂಡ ಸೀಮೆಯಲ್ಲಿ ಎಷ್ಟು ಜನ ಸಿಗುತ್ತಾರೆ? ಪಕ್ಷದ ಸಭೆಗಳಲ್ಲಿ ಬೆಳೆದ ರಾಜಕಾರಣಿಗೆ ಆ ನಂಬಿಕೆ ಸುಲಭಕ್ಕೆ ದಕ್ಕುವುದಿಲ್ಲ.

ವಿರೋಧ: ಚಪ್ಪಾಳೆ ಬೇರೆ, ಲೆಕ್ಕಪತ್ರ ಬೇರೆ

ಆ ಪೆನಾಲ್ಟಿಯ ಬಗ್ಗೆ ನನಗೂ ಗೌರವವಿದೆ. ಕಲೂ ಅವರ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುತ್ತಿಲ್ಲ. ನನ್ನ ತಕರಾರು ಇರುವುದು ಅವರನ್ನು ಆರಿಸುವ ಬಗೆಯ ಮೇಲೆ.

ಮೇಯರ್ ಕಚೇರಿಯಲ್ಲಿ ಅತಿ ಮುಖ್ಯವಾದ ವಸ್ತು ಜನನ ದಾಖಲೆಯ ಪುಸ್ತಕ. ಐವರಿ ಕೋಸ್ಟ್‌ನಲ್ಲಿ ಮಗು ಹುಟ್ಟಿದ ಮೂರು ತಿಂಗಳೊಳಗೆ ನೋಂದಣಿ ಆಗಬೇಕು. ತಪ್ಪಿದರೆ ನ್ಯಾಯಾಲಯದ ತೀರ್ಪು ತರಬೇಕು. ಕೋಕೋ ತೋಟದಲ್ಲಿ ದುಡಿಯುವ ತಾಯಿಗೆ ಪಟ್ಟಣಕ್ಕೆ ಬಂದುಹೋಗುವ ಖರ್ಚೇ ಭಾರ, ಇನ್ನು ನ್ಯಾಯಾಲಯದ ಮಾತೆಲ್ಲಿ? ಆ ಕಾಗದವಿಲ್ಲದ ಮಗು ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆಗೆ ಬಂದಾಗ ತೊಡಕು ಶುರುವಾಗುತ್ತದೆ. ದೊಡ್ಡವನಾದ ಮೇಲೆ ಗುರುತಿನ ಚೀಟಿ ಇಲ್ಲ, ಮತವೂ ಇಲ್ಲ. ಯುದ್ಧದ ವರ್ಷಗಳಲ್ಲಿ ಎಷ್ಟೋ ಕಡೆ ಈ ಪುಸ್ತಕಗಳೇ ನಾಶವಾದವು. ಐವರಿಯನ್ ಯಾರು ಎಂಬ ಜಗಳಕ್ಕೆ ನಿಜವಾದ ಮದ್ದು ಇಲ್ಲಿದೆ, ಸಾಲು ಸಾಲಾಗಿ ಹೆಸರು ಬರೆಯುವ ಮೇಜಿನ ಮೇಲೆ. ಕಿತ್ತಳೆ ಅಂಗಿ ಜನರನ್ನು ತೊಂಬತ್ತು ನಿಮಿಷ ಒಂದು ಮಾಡಿತು, ಒಪ್ಪುತ್ತೇನೆ. ಆದರೆ ವಲಸೆ ಬಂದ ಕೂಲಿಯ ಮಗನಿಗೆ ಬೇಕಾದದ್ದು ಮುದ್ರೆ ಬಿದ್ದ ಕಾಗದ. ಅದಕ್ಕೆ ದಿನಾ ಬೆಳಿಗ್ಗೆ ಕಚೇರಿಗೆ ಬಂದು ಗುಮಾಸ್ತರ ಬೆನ್ನುಹತ್ತುವ ತಾಳ್ಮೆ ಬೇಕು. ಆ ತಾಳ್ಮೆ ಆಟಗಾರನಲ್ಲಿ ಇರಬಾರದೆಂದೇನಿಲ್ಲ. ಗೋಲು ನೋಡಿ ಮತ ಹಾಕಿದವರು ಅದನ್ನು ಪರೀಕ್ಷಿಸಿರುವುದಿಲ್ಲ ಎನ್ನುವುದಷ್ಟೇ ನನ್ನ ಮಾತು.

ದೊಡ್ಡ ಹೆಸರಿಗೆ ಅಬಿಜಾನ್‌ನ ಬಾಗಿಲು ತೆರೆಯುತ್ತದೆ ಎನ್ನುವ ವಾದ ನನ್ನನ್ನು ಇನ್ನಷ್ಟು ಕಳವಳಕ್ಕೆ ದೂಡುತ್ತದೆ. ಪುರಸಭೆಗೆ ನ್ಯಾಯವಾಗಿ ಬರಬೇಕಾದ ಹಣ ಒಬ್ಬನ ಮುಖ ನೋಡಿ ಬರುವುದಾದರೆ, ಮುಂದಿನ ಮೇಯರ್‌ಗೆ ಆ ಮುಖ ಇಲ್ಲದಿದ್ದರೆ ಊರಿನ ಗತಿ ಏನು? ಪಕ್ಕದ ಊರಿನವರು ಏನು ಪಾಪ ಮಾಡಿದ್ದರು? ಶ್ರೀಮಂತ ಆಟಗಾರ ಕೈಯಿಂದ ಹಾಕಿ ಕೆಲಸ ಮಾಡಿಸಿದರಂತೂ ಕಷ್ಟ ಇನ್ನೂ ಹೆಚ್ಚು. ಸಂತೆಯಲ್ಲಿ ಟೊಮೇಟೊ ಮಾರುವ ಹೆಂಗಸು ದಿನದ ಸುಂಕ ಕಟ್ಟುತ್ತಾಳೆ. ಆ ದುಡ್ಡು ಎಲ್ಲಿ ಹೋಯಿತೆಂದು ಕೇಳುವ ಹಕ್ಕು ಅವಳದು. ದಾನ ಕೊಟ್ಟವನನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಸುಂಕ ಕಟ್ಟಿದವಳ ದನಿಯೂ ಆ ದಾನದ ಜೈಕಾರದಲ್ಲಿ ಅಡಗಿಹೋಗುತ್ತದೆ.

ಇನ್ನೊಂದು ಅಪಾಯ ಚುನಾವಣಾ ಪದ್ಧತಿಯಲ್ಲೇ ಇದೆ. ಅಲ್ಲಿ ಮತ ಬೀಳುವುದು ಒಬ್ಬ ವ್ಯಕ್ತಿಗಲ್ಲ, ಪಟ್ಟಿಗೆ. ಪಟ್ಟಿಯ ತಲೆಯಲ್ಲಿರುವವರು ಸಾಮಾನ್ಯವಾಗಿ ಮೇಯರ್ ಆಗುತ್ತಾರೆ. ತಲೆಯಲ್ಲಿ ಎಲ್ಲರೂ ಬಲ್ಲ ಮುಖವಿದ್ದರೆ ಅದರ ಕೆಳಗೆ ಯಾರ್‍ಯಾರ ಹೆಸರಿದೆಯೆಂದು ಓದುವವರು ಕಡಿಮೆ. ಒಬ್ಬರ ಬೆನ್ನ ಹಿಂದೆ ಇಡೀ ಗುಂಪು ಒಳಗೆ ಬರುತ್ತದೆ.

ಮತದಾರರಿಗೆ ಇದು ಗೊತ್ತಾಗುವುದಿಲ್ಲವೆಂದು ನಾನು ಹೇಳುವುದಿಲ್ಲ, ತಡವಾಗಿ ಗೊತ್ತಾಗುತ್ತದೆ. ವೇಯಾ 2017ರ ಕೊನೆಯಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಜೋಸೆಫ್ ಬೊಕಾಯಿ ಎದುರು ಶೇ 60ಕ್ಕೂ ಹೆಚ್ಚು ಮತ ಪಡೆದು ಗೆದ್ದರು. 2023ರಲ್ಲಿ ಅದೇ ಬೊಕಾಯಿ ಎದುರು ಕೂದಲೆಳೆ ಅಂತರದಲ್ಲಿ ಸೋತರು. ಸೋಲನ್ನು ಘನತೆಯಿಂದ ಒಪ್ಪಿಕೊಂಡರು, ಅದಕ್ಕೆ ಅವರನ್ನು ಮೆಚ್ಚಲೇಬೇಕು. ಆದರೆ ನಡುವಿನ ಆರು ವರ್ಷ ಲೈಬೀರಿಯಾದ ಯುವಕರಿಗೆ ವಾಪಸ್ ಬರುವುದಿಲ್ಲ. ಐವರಿ ಕೋಸ್ಟ್‌ನಲ್ಲೇ 2022ರಲ್ಲಿ ದಿದಿಯೆ ದ್ರೊಗ್ಬಾ ಫುಟ್ಬಾಲ್ ಒಕ್ಕೂಟದ ಅಧ್ಯಕ್ಷ ಸ್ಥಾನಕ್ಕೆ ನಿಂತು ಮೊದಲ ಸುತ್ತಿನಲ್ಲೇ ಹೊರಬಿದ್ದರು. ಅಲ್ಲಿ ಮತ ಹಾಕಿದವರಿಗೂ ಅವರವರ ಹಿತಾಸಕ್ತಿ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೂ ಆಟದ ಆಡಳಿತವನ್ನು ದಿನನಿತ್ಯ ನಡೆಸುವ ಕ್ಲಬ್ಬುಗಳವರೇ ದೇಶದ ಅತಿ ದೊಡ್ಡ ಆಟಗಾರನಿಗೆ ಕಣ್ಣುಮುಚ್ಚಿ ಅಧಿಕಾರ ಕೊಡಲಿಲ್ಲ.

ವವೂವಾದವರು ಕಲೂ ಅವರ ಬಳಿ ಮೂರು ಲೆಕ್ಕ ಕೇಳಲಿ. ಈ ವರ್ಷ ಹುಟ್ಟಿದ ಮಕ್ಕಳಲ್ಲಿ ಎಷ್ಟು ಜನರ ಹೆಸರು ಮೂರು ತಿಂಗಳೊಳಗೆ ಪುಸ್ತಕಕ್ಕೆ ಏರಿತು? ಸಂತೆಯಿಂದ ಬಂದ ಹಣ ಎಷ್ಟು? ಅದರಲ್ಲಿ ಸಂತೆಗೇ ಖರ್ಚಾದದ್ದು ಎಷ್ಟು? ಉತ್ತರ ಪುರಸಭೆಯ ಗೋಡೆಯ ಮೇಲೆ ಅಂಟಿಸಿದ್ದರೆ, ಮುಂದಿನ ಚುನಾವಣೆಯಲ್ಲಿ ಅವರಿಗೆ ಮತ ಹಾಕಬೇಡಿ ಎಂದು ನಾನೂ ಹೇಳುವುದಿಲ್ಲ.