ತಲೆ ಮೇಲೆ ಸುತ್ತೋದೆಲ್ಲ ರಣಹದ್ದಲ್ಲ

'ಬೆಂಗಳೂರಿಗೆ ರಣಹದ್ದುಗಳು ವಾಪಸ್ ಬಂದಿವೆ' ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ಜೊತೆಗೊಂದು ವಿಡಿಯೋ: ಮಾಂಸದ ಅಂಗಡಿ ಮೇಲೆ ಹತ್ತಾರು ದೊಡ್ಡ ಹಕ್ಕಿಗಳು ಗಿರಕಿ ಹೊಡೆಯುತ್ತಿರುತ್ತವೆ. ಅವು ಸಾಮಾನ್ಯವಾಗಿ ನಮ್ಮ ಮಾಮೂಲಿ ಹದ್ದುಗಳು.

ಬಾಲ ನೋಡಿ. ಹದ್ದಿನ ಬಾಲದ ತುದಿ ನಡುವೆ ಒಳಕ್ಕೆ ಕತ್ತರಿಸಿದಂತೆ, ಕವಲಾಗಿ ಕಾಣುತ್ತದೆ. ಪೂರ್ತಿ ಬಿಚ್ಚಿದಾಗ ಮಾತ್ರ ಕವಲು ಅಷ್ಟಾಗಿ ತಿಳಿಯುವುದಿಲ್ಲ. ಆಗ ಹಾರಾಟ ಗಮನಿಸಿ: ದೋಣಿಯ ಚುಕ್ಕಾಣಿ ತಿರುಗಿಸಿದಂತೆ ಬಾಲವನ್ನು ಆ ಕಡೆ ಈ ಕಡೆ ಓರೆ ಮಾಡುತ್ತಲೇ ಇರುತ್ತದೆ. ಕರೆಂಟು ತಂತಿಗಳ ನಡುವೆ ಅದು ನುಸುಳೋದು ನೋಡೋಕೇ ಚೆಂದ.

ಗರುಡನ ಬಾಲದ ತುದಿ ದುಂಡಗೆ. ಬೆಳೆದ ಗರುಡನಿಗೆ ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಗುರುತು ಸುಲಭ, ಅಲ್ವಾ? ಮರಿ ಗರುಡ ಮಾತ್ರ ಕಂದು. ಅದನ್ನು ಹದ್ದು ಅಂದುಕೊಂಡು ನಾನೂ ಮೋಸ ಹೋಗಿದ್ದೇನೆ.

ರಣಹದ್ದಿನ ಗತ್ತೇ ಬೇರೆ. ಹಲಗೆಯಂಥ ಅಗಲ ರೆಕ್ಕೆ, ಗಿಡ್ಡ ಬಾಲ, ರೆಕ್ಕೆಯ ತುದಿಯಲ್ಲಿ ಬೆರಳು ಬಿಡಿಸಿದಂಥ ಗರಿಗಳು. ರೆಕ್ಕೆ ಬಡಿಯೋದು ಅಪರೂಪ. ಬಿಸಿಗಾಳಿ ಹಿಡಿದು ಸುಮ್ನೆ ತೇಲುತ್ತದೆ.

ಅದನ್ನು ನೋಡಬೇಕಾದರೆ ರಾಮನಗರದ ರಾಮದೇವರ ಬೆಟ್ಟದ ಕಡೆ ಹೋಗಿ. 2012ರಲ್ಲಿ ಅಲ್ಲಿ ರಣಹದ್ದು ಧಾಮ ಘೋಷಣೆಯಾಯಿತು. ಅಲ್ಲೂ ಉಳಿದಿರುವುದು ಬೆರಳೆಣಿಕೆಯಷ್ಟೇ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದಾದ್ಯಂತ ಅವುಗಳನ್ನು ಕೊಂದಿತು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಲಾಯಿತು.