ಎತ್ತಿಗೆ ಜ್ವರ, ಪ್ಯಾನಿಗೆ ಬರೆ

ಹಳೆಯ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್ ಸೋರಿ ಅಡಿಯಲ್ಲಿ ಬೆಳಿಗ್ಗೆ ಕೆಂಪು ಕಲೆ ಕಂಡರೆ ಮಾಲೀಕರ ಮೊದಲ ವಾದ, ಅದು ಪಕ್ಕದ ಕಾರಿನದು. ಎರಡನೆಯದು, ಅದು ಎ.ಸಿ. ನೀರು. ಎ.ಸಿ. ನೀರಿಗೆ ಬಣ್ಣವೂ ಇಲ್ಲ, ಜಿಡ್ಡೂ ಇಲ್ಲ ಎಂದು ಬೆರಳಿಗೆ ಹಚ್ಚಿ ತೋರಿಸಿದರೆ ಮೂರನೆಯದು ಬರುತ್ತದೆ: "ಹಳೇ ಗಾಡಿ ಅಲ್ವಾ, ಇಷ್ಟಾದರೂ ಸೋರಬೇಡ್ವಾ?" ಇಷ್ಟು ಸೋರಲಿ ಎಂದು ಯಾವ ಕೈಪಿಡಿಯಲ್ಲೂ ಬರೆದಿಲ್ಲ. ಮೂರೂ ವಾದ ಸೋತ ಮೇಲೆ ಸ್ಪ್ಯಾನರ್ ಕೈಗೆ ಬರುತ್ತದೆ. ನಿಜವಾದ ಅನಾಹುತ ಶುರುವಾಗುವುದು ಆಗ.

ಸ್ಪ್ಯಾನರ್ ಹಿಡಿದವರು ಮೊದಲು ಹೋಗುವುದು ಗೇರ್‌ಬಾಕ್ಸ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಗೆ, ಅಂದರೆ ಪ್ಯಾನಿಗೆ. ಹನಿ ಬೀಳುತ್ತಿರುವುದು ಪ್ಯಾನಿನ ಅಂಚಿನಿಂದ, ಆದ್ದರಿಂದ ಕಳ್ಳ ಪ್ಯಾನೇ. ಮೇಲೆ ಯಾವ ಸೀಲ್ (ಆಯಿಲ್ ತಡೆಯುವ ರಬ್ಬರ್ ಬಳೆ) ಸೋರಿದರೂ ಆಯಿಲ್ ಕೆಳಗಿಳಿದು ಅದೇ ಅಂಚಿನಲ್ಲಿ ನೇತಾಡುತ್ತದೆ ಎಂಬುದು ಆಮೇಲೆ ಹೊಳೆಯುವ ವಿಷಯ. ಅಷ್ಟರಲ್ಲಿ ಸುತ್ತಲಿನ ಬೋಲ್ಟುಗಳನ್ನೆಲ್ಲ ಉಸಿರು ಬಿಗಿಹಿಡಿದು ತಿರುಗಿಸಿಯಾಗಿರುತ್ತದೆ. ತಗಡಿನ ಪ್ಯಾನ್ ಪ್ರತಿ ಬೋಲ್ಟಿನ ಸುತ್ತ ತಗ್ಗಾಗಿ, ಎರಡು ಬೋಲ್ಟುಗಳ ನಡುವೆ ಉಬ್ಬಿ, ನಡುವೆ ಕೂತು ಸಂದು ಮುಚ್ಚುವ ಕಾರ್ಕ್ ಗ್ಯಾಸ್ಕೆಟ್ ಹಿಂಡಿಕೊಂಡು ಹೊರಗೆ ಇಣುಕುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ಇಲ್ಲಿ ಮಾತ್ರ ಬರೆ ಬಿದ್ದ ಎಮ್ಮೆಗೂ ಜ್ವರ ಬರುತ್ತದೆ.

ಸ್ಪ್ಯಾನರ್ ಮುಟ್ಟುವ ಮೊದಲು ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಬೇಕು. ಎಷ್ಟೋ ಲೀಕುಗಳು ಲೀಕೇ ಅಲ್ಲ, ಅತಿಯಾಗಿ ತುಂಬಿದ್ದರ ಫಲ. ಎಂಜಿನ್ ತಣ್ಣಗಿದ್ದಾಗ 'ಹಾಟ್' ಗುರುತಿನವರೆಗೆ ತುಂಬಿದರೆ, ಬಿಸಿಯಾದಾಗ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಹಿಗ್ಗಿ ಮೇಲೇರುತ್ತದೆ. ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಮಾಡುತ್ತವೆ, ನೊರೆ ಮೇಲಿನ ಗಾಳಿ ಕೊಳವೆಯಿಂದ ಹೊರಬಂದು ಇಡೀ ಗೇರ್‌ಬಾಕ್ಸಿಗೆ ಅಭ್ಯಂಜನ ಮಾಡಿಸುತ್ತದೆ. ನೋಡಿದವರಿಗೆ ಎಲ್ಲ ಸೀಲುಗಳೂ ಒಟ್ಟಿಗೆ ಕೈಕೊಟ್ಟಂತೆ ಕಾಣುತ್ತದೆ.

ಅಳೆಯುವ ಕ್ರಮ ಹೀಗೆ. ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಬ್ರೇಕ್ ತುಳಿದು ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು ಪಾರ್ಕಿಗೆ ತಂದು ನೋಡುವುದು. ಹಳೆಯ ಕ್ರೈಸ್ಲರ್ ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸ್ ಆದರೆ ನ್ಯೂಟ್ರಲ್‌ನಲ್ಲಿ. ಹೋಂಡಾದ ಹಲವು ಹಳೆಯ ಗಾಡಿಗಳಲ್ಲಿ ಎಂಜಿನ್ ಆರಿಸಿದ ಕೂಡಲೇ. ಎಲ್ಲ ಗಾಡಿಗೂ ಒಂದೇ ಮಂತ್ರ ಹೇಳುವವರನ್ನು ನಂಬುವುದಕ್ಕಿಂತ ಡಿಪ್‌ಸ್ಟಿಕ್ ಮೇಲೆ ಕೊರೆದಿರುವುದನ್ನು ಓದುವುದು ವಾಸಿ. ಹಲವು ಗೇರ್‌ಬಾಕ್ಸ್‌ಗಳಲ್ಲಿ ಎರಡು ಗುರುತುಗಳ ನಡುವಿನ ಅಂತರ ಅರ್ಧ ಲೀಟರಿಗಿಂತ ಹೆಚ್ಚಿರುವುದಿಲ್ಲ, ಹಾಗಾಗಿ "ಇನ್ನೊಂದು ಡಬ್ಬ ಇದೆ, ಹಾಕೇಬಿಡೋಣ" ಎಂಬ ಔದಾರ್ಯ ಬೇಡ. ಹೆಚ್ಚಾಗಿದ್ದರೆ ಡಿಪ್‌ಸ್ಟಿಕ್ ಕೊಳವೆಯೊಳಗೆ ತೆಳು ಪೈಪ್ ಇಳಿಬಿಟ್ಟು ಕೈಪಂಪಿನಲ್ಲಿ ಹೀರಿ ತೆಗೆಯಬಹುದು. ಬಾಯಲ್ಲಿ ಎಳೆಯುವವರಿಗೆ ಒಂದೇ ಬಾರಿಗೆ ಬುದ್ಧಿ ಬರುತ್ತದೆ.

ಮಟ್ಟ ಸರಿಯಿದ್ದೂ ಹನಿ ಬೀಳುತ್ತಿದ್ದರೆ ಪತ್ತೇದಾರಿ ಕೆಲಸ. ಕೆಂಪಿದ್ದ ಮಾತ್ರಕ್ಕೆ ಗೇರ್‌ಬಾಕ್ಸಿನದೇ ಎನ್ನುವ ಹಾಗಿಲ್ಲ, ಎಷ್ಟೋ ಹಳೆಯ ಕಾರುಗಳ ಪವರ್ ಸ್ಟೀರಿಂಗಿಗೂ ಎಟಿಎಫ್‌ನ್ನೇ ಹಾಕುತ್ತಾರೆ. ಹಾಗೆಯೇ ಕಂದು ಬಣ್ಣ ಕಂಡ ಮಾತ್ರಕ್ಕೆ ಎಂಜಿನ್ ಆಯಿಲ್ ಎಂದು ತೀರ್ಪು ಕೊಡುವಂತೆಯೂ ಇಲ್ಲ, ವರ್ಷಗಟ್ಟಲೆ ಬದಲಾಯಿಸದ ಎಟಿಎಫ್ ಕೂಡ ಕಂದಾಗಿ ಸುಟ್ಟ ವಾಸನೆ ಹೊಡೆಯುತ್ತದೆ. ರಾತ್ರಿ ಕಾರಿನಡಿ ದೊಡ್ಡ ರಟ್ಟು ಹಾಸಿ, ಮುಂದಿನ ಚಕ್ರಗಳು ಎಲ್ಲಿವೆ ಎಂದು ಅದರ ಮೇಲೆ ಗುರುತು ಹಾಕಿಟ್ಟರೆ ಯಾವ ಕಡೆಯವರನ್ನು ವಿಚಾರಿಸಬೇಕು ಎಂಬುದಾದರೂ ತಿಳಿಯುತ್ತದೆ.

ಆಮೇಲೆ ತೊಳೆಯುವುದು. ಇದನ್ನು ಯಾರೂ ಮಾಡುವುದಿಲ್ಲ, ಮಾಡದೆ ಏನೂ ತಿಳಿಯುವುದಿಲ್ಲ. ಹತ್ತು ವರ್ಷದ ಜಿಡ್ಡು ಮಣ್ಣಿನೊಳಗೆ ಇವತ್ತಿನ ಹನಿಯನ್ನು ಹುಡುಕುವವರ ತಾಳ್ಮೆಗೆ ಕೈಮುಗಿಯಬೇಕು. ಜಿಡ್ಡು ಬಿಡಿಸುವ ಡಿಗ್ರೀಸರ್ ಹಚ್ಚಿ, ಬ್ರಶ್ಶಿನಿಂದ ಉಜ್ಜಿ, ತೊಳೆದು ಒಣಗಿಸಿ. ಗಾಳಿ ಕೊಳವೆಗೂ ವೈರ್ ಕನೆಕ್ಟರಿಗೂ ಜೋರು ನೀರು ಬಿಡಬೇಡಿ. ಒಣಗಿದ ಮೇಲೆ ಸಂಶಯವಿರುವ ಕಡೆಗೆಲ್ಲ ಟಾಲ್ಕಮ್ ಪೌಡರ್ ಉದುರಿಸಿ, ಇಪ್ಪತ್ತು ನಿಮಿಷ ಓಡಿಸಿ ಬಂದು, ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿ ಟಾರ್ಚ್ ಬಿಟ್ಟು ನೋಡಿ. ಬರೀ ಜ್ಯಾಕ್ ನಂಬಿ ಅಡಿಗೆ ತೂರಬೇಡಿ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ಭೂಮಿ ಕೆಳಕ್ಕೆ ಎಳೆಯುತ್ತದೆ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದು ಮತ್ತು ಅತಿ ಮುಂದಿನದು ಯಾವುದೋ ಅದೇ ಮೂಲ. ಪೌಡರಿಗೂ ಜಗ್ಗದ ಸಣ್ಣ ಲೀಕಿಗೆ ಎಟಿಎಫ್‌ಗೆ ಬೆರೆಸುವ ಯುವಿ ಡೈ ಸಿಗುತ್ತದೆ, ಯುವಿ ಟಾರ್ಚ್ ಬಿಟ್ಟರೆ ದಾರಿಯೆಲ್ಲ ಹಳದಿ ಹಸಿರಾಗಿ ಹೊಳೆಯುತ್ತದೆ.

ಯಾವಾಗ ಸೋರುತ್ತದೆ ಎಂಬುದು ಎಲ್ಲಿ ಸೋರುತ್ತದೆ ಎಂಬುದಕ್ಕಿಂತ ಹೆಚ್ಚು ಹೇಳುತ್ತದೆ. ದಿನವೂ ಓಡಿಸಿದರೆ ಒಂದು ಹನಿಯೂ ಇಲ್ಲ, ನಾಲ್ಕು ದಿನ ನಿಲ್ಲಿಸಿದರೆ ಕೆರೆ: ಇದು ಹಳೆಯ ಗೇರ್‌ಬಾಕ್ಸ್‌ಗಳ ಮೆಚ್ಚಿನ ಆಟ. ಎಂಜಿನ್ ನಿಂತ ಮೇಲೆ ಟಾರ್ಕ್ ಕನ್ವರ್ಟರಿನೊಳಗಿನ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ ಅದು) ಆಯಿಲ್ ನಿಧಾನವಾಗಿ ಪ್ಯಾನಿಗೆ ಇಳಿಯುತ್ತದೆ, ಪ್ಯಾನಿನ ಮಟ್ಟ ಓಡುವಾಗ ಎಂದೂ ಏರದಷ್ಟು ಏರುತ್ತದೆ. ಆಗ ಮುಳುಗುವವು ಗೇರ್ ಲಿವರಿನ ಅಡ್ಡ ಶಾಫ್ಟಿನ ಸೀಲ್, ಡಿಪ್‌ಸ್ಟಿಕ್ ಕೊಳವೆ ಒಳಹೋಗುವ ಜಾಗದ ಓ-ರಿಂಗ್ ಎಂಬ ರಬ್ಬರ್ ಬಳೆ, ವೈರ್ ಕನೆಕ್ಟರಿನ ಓ-ರಿಂಗ್. ಬೆಲೆಯಲ್ಲಿ ಪುಡಿಗಾಸಿನವು, ಬಿಸಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತವೆ. ಇವನ್ನು ಬಿಟ್ಟು ಇಡೀ ಗೇರ್‌ಬಾಕ್ಸ್ ಇಳಿಸಿ ಎನ್ನುವ ಸಲಹೆ ಕೊಡುವವರು ಎಲ್ಲ ಕಡೆ ಇದ್ದಾರೆ.

ಓಡುವಾಗಷ್ಟೇ ಸೋರಿದರೆ ಒತ್ತಡ ಇರುವ ಕಡೆ ಅಥವಾ ತಿರುಗುವ ಕಡೆ ನೋಡಿ. ಎಟಿಎಫ್ ತಣಿಸಲು ರೇಡಿಯೇಟರಿಗೆ ಹೋಗಿಬರುವ ಕೂಲರ್ ಪೈಪುಗಳು ಮೊದಲು. ಅವುಗಳ ನಟ್ಟನ್ನು ಒಂದೇ ಸ್ಪ್ಯಾನರಿನಲ್ಲಿ ತಿರುಗಿಸಿದರೆ ಪೈಪೇ ಹಿಂಡಿಕೊಳ್ಳುತ್ತದೆ, ಒಂದರಲ್ಲಿ ಫಿಟ್ಟಿಂಗ್ ಹಿಡಿದು ಇನ್ನೊಂದರಲ್ಲಿ ನಟ್ ತಿರುಗಿಸಬೇಕು. ರಬ್ಬರ್ ತುಂಡು ಹಾಕುವುದಾದರೆ ಎಟಿಎಫ್‌ಗೆಂದೇ ಮಾಡಿದ ಹೋಸ್ ಹಾಕಿ. ಕೈಗೆ ಸಿಕ್ಕಿತೆಂದು ಹೀಟರಿನ ನೀರಿನ ಹೋಸ್ ಹಾಕಿದರೆ ಅದು ಆಯಿಲ್ ಕುಡಿದು ಊದಿಕೊಂಡು ಒಂದು ದಿನ ಕಳಚುತ್ತದೆ, ಗೇರ್‌ಬಾಕ್ಸಿನೊಳಗಿನ ಪಂಪ್ ನಿಮಿಷಗಳಲ್ಲಿ ಎಲ್ಲವನ್ನೂ ರಸ್ತೆಗೆ ಅರ್ಪಿಸುತ್ತದೆ. ಹಿಂಬದಿಯ ಸೀಲ್ ಸೋರಿದರೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಗುರುತು ಹಾಕಿ ಬಿಚ್ಚಿ, ಗೇರ್‌ಬಾಕ್ಸಿನೊಳಗೆ ಕೂತಿರುವ ಅದರ ತುದಿಯನ್ನು, ಅಂದರೆ ಯೋಕನ್ನು, ಹೊರತೆಗೆಯುವ ಮೊದಲು ಮೇಲೆ ಕೆಳಗೆ ಅಲ್ಲಾಡಿಸಿ. ಲಟಲಟ ಎಂದರೆ ಅದನ್ನು ಹಿಡಿದಿರುವ ಒಳಗಿನ ಲೋಹದ ಬಳೆ, ಅಂದರೆ ಬುಶ್, ಸವೆದಿದೆ, ಬುಶ್ ಬದಲಾಯಿಸದೆ ಹಾಕಿದ ಹೊಸ ಸೀಲ್ ಬಹಳ ದಿನ ನಿಲ್ಲುವುದಿಲ್ಲ. ಯೋಕ್ ಮೇಲೆ ಉಗುರಿಗೆ ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಅದನ್ನೂ ಬದಲಿಸಬೇಕು.

ಎಲ್ಲೂ ಹನಿಯಿಲ್ಲ, ರಟ್ಟು ಸ್ವಚ್ಛ, ಆದರೂ ಮಟ್ಟ ಇಳಿಯುತ್ತಿದೆ ಎಂದರೆ ಸೈಲೆನ್ಸರ್ ಕಡೆ ನೋಡಿ. ಹಳೆಯ ಟರ್ಬೊ ಹೈಡ್ರಾಮ್ಯಾಟಿಕ್ 350, 400, ಫೋರ್ಡಿನ ಸಿ4, ಸಿ6 ಮುಂತಾದ ಗೇರ್‌ಬಾಕ್ಸ್‌ಗಳಲ್ಲಿ ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಪುಟ್ಟ ಡಬ್ಬಿ ಇರುತ್ತದೆ. ಅದರೊಳಗಿನ ಪರದೆ ಹರಿದರೆ ಎಂಜಿನ್ ಗೇರ್‌ಬಾಕ್ಸಿನ ಆಯಿಲನ್ನು ಆ ಡಬ್ಬಿಯಿಂದ ತನಗೆ ಬರುವ ರಬ್ಬರ್ ಕೊಳವೆಯ ಮೂಲಕ ಹೀರಿ ಸುಟ್ಟು ಬಿಳಿ ಹೊಗೆ ಬಿಡುತ್ತದೆ. ಹೊಗೆ ನೋಡಿ ಪಿಸ್ಟನ್ ರಿಂಗ್ ಹೋಗಿದೆ ಎಂದು ಎಂಜಿನ್ ಬಿಚ್ಚುವ ಮೊದಲು ಆ ಕೊಳವೆ ಕಳಚಿ ಬೆರಳಿಟ್ಟು ನೋಡಿ, ಒಳಗೆ ಎಟಿಎಫ್ ಇದ್ದರೆ ಡಬ್ಬಿ ಬದಲಿಸಿದರೆ ಸಾಕು. ರೇಡಿಯೇಟರ್ ಮುಚ್ಚಳ ತೆಗೆದಾಗ ಗುಲಾಬಿ ಬಣ್ಣದ ಕೆನೆ ಕಂಡರೆ ಮಾತ್ರ ನಗುವ ವಿಷಯವಲ್ಲ. ರೇಡಿಯೇಟರ್ ಒಳಗಿನ ಎಟಿಎಫ್ ಕೂಲರ್ ತೂತಾಗಿ ನೀರೂ ಎಟಿಎಫ್ಫೂ ಬೆರೆತಿವೆ. ನೀರು ಕ್ಲಚ್ ಪ್ಲೇಟುಗಳ ಅಂಟನ್ನೇ ಬಿಡಿಸುತ್ತದೆ, ಗಾಡಿಯನ್ನು ಇನ್ನೊಂದು ಅಡಿಯೂ ಓಡಿಸಬಾರದು.

ವಿಚಾರಣೆಯೆಲ್ಲ ಮುಗಿದು ಪ್ಯಾನೇ ತಪ್ಪಿತಸ್ಥ ಎಂದಾದರೆ, ಆಗ ಬಿಚ್ಚೋಣ. ಒಂದು ತುದಿಯ ಬೋಲ್ಟುಗಳನ್ನು ಪೂರ್ತಿ ತೆಗೆದು, ಇನ್ನೊಂದು ತುದಿಯವನ್ನು ನಾಲ್ಕು ಸುತ್ತು ಸಡಿಲಿಸಿ ಓರೆಯಾಗಿ ಇಳಿಸಿದರೆ ಆಯಿಲ್ ತೊಟ್ಟಿಗೆ ಬೀಳುತ್ತದೆ, ಇಲ್ಲದಿದ್ದರೆ ತೋಳಿಗೆ. ಹಲವು ಗೇರ್‌ಬಾಕ್ಸ್‌ಗಳಲ್ಲಿ ಬರುವುದು ನಾಲ್ಕೈದು ಲೀಟರ್, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ಪ್ಯಾನಿನ ಅಂಚನ್ನು ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಗ್ಗುಗಳನ್ನು ಸಮ ಮಾಡಿ, ಉಕ್ಕಿನ ಪಟ್ಟಿಯಿಟ್ಟು ಪರೀಕ್ಷಿಸಿ. ಹಳೆಯ ಗ್ಯಾಸ್ಕೆಟ್ ಚೂರನ್ನು ಗೇರ್‌ಬಾಕ್ಸಿನ ಅಲ್ಯುಮಿನಿಯಂ ಕಡೆಯಿಂದ ಪ್ಲಾಸ್ಟಿಕ್ ಹಲಗೆಯಿಂದಲೇ ಕೆರೆಯಿರಿ. ನೂಲು ಬಿಡುವ ಬಟ್ಟೆ ಬೇಡ, ಒಂದು ಎಳೆ ವಾಲ್ವಿಗೆ ಸಿಕ್ಕರೆ ಗೇರ್ ಬೀಳುವುದಿಲ್ಲ. ಗ್ಯಾಸ್ಕೆಟ್ ಹಾಕುವ ಕಡೆ ಅದರ ಮೇಲೆ ಸಿಲಿಕಾನ್ ಬಳಿಯಬೇಡಿ, ಒಳಕ್ಕೆ ಹಿಂಡಿಕೊಂಡ ಗುಳಿಗೆ ಫಿಲ್ಟರಿಗೆ ಹೋಗುತ್ತದೆ. ಬಿಗಿ ಮಾಡುವುದು ನಡುವಿನಿಂದ ಎರಡು ಕಡೆಗೆ, ಎರಡು ಮೂರು ಸುತ್ತಿನಲ್ಲಿ. 6 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್, 8 ಎಂಎಂಗೆ 12ರಿಂದ 16. ಕೈಗೆ ಇದು ಏನೂ ಸಾಲದು ಎನಿಸುತ್ತದೆ, ಅಷ್ಟಕ್ಕೇ ನಿಲ್ಲಿಸಬೇಕು. ತುಂಬುವಾಗ ಮೊದಲು ಮೂರು ಲೀಟರ್ ಹಾಕಿ ಎಂಜಿನ್ ಶುರು ಮಾಡಿ, ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ.

ಲೀಕ್ ನಿಲ್ಲಿಸುವ ಡಬ್ಬಿಗಳ ಬಗ್ಗೆ ಒಂದು ಮಾತು. ಅವು ಗಟ್ಟಿಯಾದ ರಬ್ಬರನ್ನು ಮೆತ್ತಗೆ ಮಾಡಿ ಊದಿಸುತ್ತವೆ, ಹಾಗಾಗಿ ಒಣಗಿದ ಸೀಲಿಗೆ ಕೆಲವು ತಿಂಗಳ ಜೀವದಾನ ಸಿಗಬಹುದು. ಹರಿದ ಗ್ಯಾಸ್ಕೆಟ್, ಸವೆದ ಬುಶ್, ತೂತಾದ ಪೈಪ್ ಇವಕ್ಕೆ ಅದು ತೀರ್ಥವಿದ್ದಂತೆ, ಭಕ್ತಿ ಇದ್ದವರಿಗೆ ಮಾತ್ರ.

ಉಳಿದದ್ದು ಎಲ್ಲರೂ ಹೆದರುವ ಮುಂಭಾಗದ ಪಂಪ್ ಸೀಲ್. ಬೆಲ್ ಹೌಸಿಂಗ್, ಅಂದರೆ ಗೇರ್‌ಬಾಕ್ಸ್ ಎಂಜಿನ್ನಿಗೆ ಕೂಡುವ ಕಡೆಯ ಗಂಟೆಯಾಕಾರದ ಕವಚದ ಕೆಳಗಿನಿಂದ ಹನಿ ಬಿದ್ದರೆ ಅಡಿಯ ತಗಡು ಮುಚ್ಚಳ ತೆಗೆದು ನೋಡಿ. ಎಂಜಿನ್ ಕಡೆಯ ಫ್ಲೆಕ್ಸ್‌ಪ್ಲೇಟ್ (ಕನ್ವರ್ಟರನ್ನು ಬೋಲ್ಟ್ ಮಾಡುವ ತಟ್ಟೆ) ಒಣಗಿದ್ದು ಕನ್ವರ್ಟರಿನ ಹಿಂಬದಿ ಒದ್ದೆಯಾಗಿದ್ದರೆ ಪಂಪ್ ಸೀಲ್ ಅಥವಾ ಪಂಪಿನ ದೊಡ್ಡ ಓ-ರಿಂಗ್. ಫ್ಲೆಕ್ಸ್‌ಪ್ಲೇಟೇ ಕಪ್ಪು ಎಣ್ಣೆಯಲ್ಲಿ ಮಿಂದಿದ್ದರೆ ಎಂಜಿನ್ನಿನ ಹಿಂಬದಿಯ ಸೀಲ್, ಗೇರ್‌ಬಾಕ್ಸ್ ನಿರಪರಾಧಿ. ಸೀಲಿನ ಬೆಲೆ ಏನೂ ಅಲ್ಲ, ಆದರೆ ಅದನ್ನು ಮುಟ್ಟಲು ಇಡೀ ಗೇರ್‌ಬಾಕ್ಸ್ ಇಳಿಯಬೇಕು. ಇಳಿಸಿದ ಮೇಲೆ ಕನ್ವರ್ಟರಿನ ಕುತ್ತಿಗೆಯಲ್ಲಿ ಗೀರಿದೆಯೇ, ಪಂಪಿನ ಬುಶ್ ಸವೆದಿದೆಯೇ ನೋಡದೆ ಸೀಲ್ ಮಾತ್ರ ಬಡಿದು ಕೂರಿಸಿದವರು ಮತ್ತೆ ಇಳಿಸಲು ಸಿದ್ಧರಿರಬೇಕು. ವಾಪಸ್ ಏರಿಸುವ ಮೊದಲು ಕನ್ವರ್ಟರಿಗೆ ಸುಮಾರು ಒಂದು ಲೀಟರ್ ಎಟಿಎಫ್ ಸುರಿದು, ಒಳಕ್ಕೆ ತಳ್ಳುತ್ತಾ ತಿರುಗಿಸಿ. ಟಕ್ ಎಂದು ಒಂದು ಮೆಟ್ಟಿಲು ಇಳಿಯುತ್ತದೆ, ಮತ್ತೊಂದು ಇಳಿಯುತ್ತದೆ, ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಕೊನೆಯ ಮೆಟ್ಟಿಲು ಪಂಪ್ ಗೇರಿನದು. ಬೆಲ್ ಹೌಸಿಂಗ್ ಎಂಜಿನ್ನಿಗೆ ಪೂರ್ತಿ ಕೂತ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ಸಂದು ಉಳಿಯಬೇಕು. ಸಂದು ಕಾಣದಿದ್ದರೂ ಬೋಲ್ಟುಗಳಿಂದಲೇ ಎಳೆದು ಕೂರಿಸಿದರೆ ಪಂಪ್ ಒಡೆಯುತ್ತದೆ, ಆಮೇಲೆ ಸೋರಲು ಬೇಕಾದ ಒತ್ತಡವೇ ಗೇರ್‌ಬಾಕ್ಸಿನಲ್ಲಿ ಇರುವುದಿಲ್ಲ.